ಬೇಲಿಗೆ ಗೊಬ್ಬರ ಹಾಕಿದ ಎರಡು ತಿಂಗಳು

ನಮ್ಮ ತೋಟಕ್ಕೆ ಅಣಬೆ ರೋಗ ಬಂದ ವರ್ಷವೇ ನನ್ನ ಬೆರಳುಗಳಿಗೂ ರೋಗ ಬಂತು. ಎರಡಕ್ಕೂ ಏನೂ ಸಂಬಂಧ ಇಲ್ಲ. ಇಲ್ಲದ ಸಂಬಂಧವನ್ನು 2,400 ರೂಪಾಯಿ ಕೊಟ್ಟು ನಾನೇ ತಂದುಕೊಂಡೆ.

ನನ್ನ ತವರು ಚನ್ನಗಿರಿ ಕಡೆ. ಅಡಿಕೆ ತೋಟ. ಈಗ ಅದನ್ನು ಅಣ್ಣ ನೋಡಿಕೊಳ್ಳುತ್ತಾನೆ. ನಾನು ಶಿವಮೊಗ್ಗದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್. ಅಡಿಕೆ ಬೆಳೆಯದವರಿಗೆ ಅಣಬೆ ರೋಗ ಅಂದರೆ ಏನೆಂದು ಗೊತ್ತಿರುವುದಿಲ್ಲ, ಅದಕ್ಕೇ ಸ್ವಲ್ಪ ಹೇಳುತ್ತೇನೆ. ಮೊದಲು ಕೆಳಗಿನ ಸೋಗೆಗಳು ಹಳದಿಯಾಗಿ ಜೋತು ಬೀಳುತ್ತವೆ. ನೀರು ಕಡಿಮೆ ಆಯಿತೇನೋ ಅಂದುಕೊಳ್ಳುತ್ತೇವೆ. ಆಮೇಲೆ ಬುಡದ ಹತ್ತಿರ ಕಂದು ಬಣ್ಣದ ರಸ ಒಸರುತ್ತದೆ. ಕೊನೆಗೆ ತಲೆಯೇ ಕಳಚಿ ಬೀಳುತ್ತದೆ. ಬುಡದಲ್ಲಿ ಅಣಬೆ ಎದ್ದಿತೆಂದರೆ ಆ ಮರದ ಆಸೆ ಬಿಟ್ಟ ಹಾಗೆಯೇ. ರೋಗ ಬೇರಿನಿಂದ ಬೇರಿಗೆ ದಾಟುತ್ತದೆ. ಹಾಗಾಗಿ ಮರದ ಸುತ್ತ ಎರಡಡಿ ಆಳದ ಕಂದಕ ತೋಡಬೇಕು, ಸತ್ತ ಮರವನ್ನು ಬುಡಸಮೇತ ಕಿತ್ತು ಸುಡಬೇಕು, ಪಕ್ಕದ ಮರಗಳಿಗೆ ಬೇವಿನ ಹಿಂಡಿ, ರೋಗದ ಶಿಲೀಂಧ್ರವನ್ನು ತಡೆಯುವ ಟ್ರೈಕೋಡರ್ಮಾ ಎಂಬ ಇನ್ನೊಂದು ಶಿಲೀಂಧ್ರ ಕೊಡಬೇಕು. ಅಣ್ಣ ಆ ವರ್ಷ ಹನ್ನೊಂದು ಮರ ಕಿತ್ತ.

ಆ ಅಣಬೆ ನೋಡಲು ಮಾತ್ರ ಬಹಳ ಚೆಂದ. ಕೆಂಗಂದು ಬಣ್ಣ, ಮೇಲೆ ವಾರ್ನಿಷ್ ಬಳಿದ ಹಾಗೆ ಹೊಳಪು, ಅಂಚಿಗೆ ಬಿಳಿ ಪಟ್ಟಿ. ಒಣಗಿದರೆ ಕಟ್ಟಿಗೆಯಷ್ಟು ಗಟ್ಟಿ. ಪುಸ್ತಕದಲ್ಲಿ ಅದರ ಹೆಸರು ಗ್ಯಾನೋಡರ್ಮಾ ಲೂಸಿಡಮ್. ಈ ಹೆಸರನ್ನು ನೆನಪಿಟ್ಟುಕೊಳ್ಳಿ.

ನನಗೆ ಬಂದದ್ದು ರುಮಟಾಯ್ಡ್ ಆರ್ಥ್ರೈಟಿಸ್, ಕೀಲುಗಳು ಊದಿ ನೋಯುವ ಕಾಯಿಲೆ. ಮೊದಲು ಚಪಾತಿ ಹಿಟ್ಟು ನಾದಲು ಆಗಲಿಲ್ಲ. ಆಮೇಲೆ ಬಟ್ಟೆ ಹಿಂಡಲು ಆಗಲಿಲ್ಲ. ಬೆಳಗ್ಗೆ ಎದ್ದರೆ ಒಂದು ಗಂಟೆ ಬೆರಳು ಮಡಚಲು ಬರುತ್ತಿರಲಿಲ್ಲ. ಬಿಸಿನೀರಿನ ಬಕೆಟ್ಟಿನಲ್ಲಿ ಕೈ ಇಟ್ಟುಕೊಂಡು ಕೂತರೆ ಒಂದೊಂದೇ ಬೆರಳು ಬಿಟ್ಟುಕೊಳ್ಳುತ್ತಿತ್ತು. ಒಂದು ದಿನ ತರಗತಿಯಲ್ಲಿ ಚಾಕ್‌ಪೀಸ್ ಕೈಯಿಂದ ಮೂರು ಸಲ ಜಾರಿತು. ಮುಂದಿನ ಬೆಂಚಿನ ಹುಡುಗ ಮೂರು ಸಲವೂ ಎತ್ತಿಕೊಟ್ಟ, ಏನೂ ಕೇಳಲಿಲ್ಲ. ಅವತ್ತು ಸಂಜೆಯೇ ಡಾಕ್ಟರ ಹತ್ತಿರ ಹೋದೆ. ರಕ್ತ ಪರೀಕ್ಷೆಯಲ್ಲಿ ಈ ಕಾಯಿಲೆಯ ಗುರುತಾದ ಆ್ಯಂಟಿ-ಸಿಸಿಪಿ ಪಾಸಿಟಿವ್, ಊತದ ಅಳತೆಗಳಾದ ಇಎಸ್‌ಆರ್, ಸಿಆರ್‌ಪಿ ಎರಡೂ ಜಾಸ್ತಿ.

ಡಾಕ್ಟರು ಬರೆದುಕೊಟ್ಟದ್ದು ಮೆಥೊಟ್ರೆಕ್ಸೇಟ್. ವಾರಕ್ಕೆ ಒಂದೇ ದಿನ. ನಾನು ಭಾನುವಾರ ರಾತ್ರಿ ಇಟ್ಟುಕೊಂಡೆ. ಬೇರೆ ದಿನ ಫೋಲಿಕ್ ಆ್ಯಸಿಡ್. ಚೀಟಿಯ ಮೇಲೆ ‘ವಾರಕ್ಕೊಮ್ಮೆ’ ಎಂದು ಕೆಂಪಿಂಕಿನಲ್ಲಿ ಎರಡು ಗೆರೆ ಎಳೆದಿದ್ದರು. ಇದನ್ನು ತಪ್ಪಿ ದಿನಾ ನುಂಗಿ ಪ್ರಾಣಕ್ಕೇ ತಂದುಕೊಂಡವರು ಇದ್ದಾರಂತೆ. ಕೆಲಸ ಮಾಡಲು ಆರು ವಾರದಿಂದ ಮೂರು ತಿಂಗಳು ಬೇಕು, ತಾಳ್ಮೆ ಇರಲಿ ಅಂದರು. ಲಿವರಿನ ಮೇಲೆ ಕಣ್ಣಿಡಲು ಆಗಾಗ ರಕ್ತ ಪರೀಕ್ಷೆ ಮಾಡಿಸಬೇಕು ಎಂದೂ ಹೇಳಿದರು.

ಮನೆಗೆ ಬಂದು ಮಾತ್ರೆಯ ಜೊತೆಗಿದ್ದ ಹಾಳೆ ಓದಿದೆ. ಓದಬಾರದಿತ್ತು. ಕ್ಯಾನ್ಸರಿಗೂ ಕೊಡುವ ಔಷಧ ಇದು ಎಂದಿತ್ತು. ಕೂದಲು, ಲಿವರು, ಶ್ವಾಸಕೋಶ ಎಂದೆಲ್ಲ ಇತ್ತು. ಪ್ರತಿ ಸೋಮವಾರ ಬೆಳಗ್ಗೆ ಹೊಟ್ಟೆ ತೊಳಸುತ್ತಿತ್ತು. ಕಾಫಿ ವಾಸನೆಯೂ ಆಗುತ್ತಿರಲಿಲ್ಲ.

ಇಂಥ ಹೊತ್ತಿನಲ್ಲಿ ನಮ್ಮ ನಾದಿನಿ ಬಂದಳು. ಇವರ ತಂಗಿ, ನನಗಿಂತ ಎಂಟು ವರ್ಷ ಚಿಕ್ಕವಳು. ಒಳ್ಳೆಯ ಹುಡುಗಿ. ಯಾವುದೋ ಕಂಪನಿಗೆ ಸೇರಿದ್ದಳು. ಮೇಲಿನವರಿಗೆ ಕೆಳಗಿನವರು, ಅವರಿಗೆ ಇನ್ನೂ ಕೆಳಗಿನವರು ಅಂತ ಸರಪಳಿ ಇರುತ್ತದಲ್ಲ, ಅಂಥದ್ದು. ತಿಂಗಳಿಗೆ ಇಷ್ಟು ಪಾಯಿಂಟ್ ತುಂಬಿಸಬೇಕು. ಬ್ಯಾಗಿನಿಂದ ಕೆಂಪು ಡಬ್ಬಿ ತೆಗೆದು ಟೇಬಲ್ ಮೇಲಿಟ್ಟಳು.

“ಅತ್ತಿಗೆ, ನಿಮ್ಮ ಇಮ್ಯುನಿಟಿ ವೀಕ್ ಆಗಿದೆ. ಅದಕ್ಕೇ ಈ ನೋವೆಲ್ಲ. ಇದು ಇಮ್ಯುನಿಟಿ ಬೂಸ್ಟರ್. ಅಣಬೆ ಅಷ್ಟೇ, ಸೈಡ್ ಎಫೆಕ್ಟ್ ಒಂದೂ ಇಲ್ಲ.”

60 ಕ್ಯಾಪ್ಸೂಲು. ಚೀನಾದಲ್ಲಿ ಇದನ್ನು ಲಿಂಗ್‌ಝಿ ಅನ್ನುತ್ತಾರೆ, ಜಪಾನಿನಲ್ಲಿ ರೀಶಿ, ಸಾವಿರಾರು ವರ್ಷದ ಔಷಧ ಎಂದೆಲ್ಲ ಹೇಳಿದಳು. ನಾನು ವಿಜ್ಞಾನದ ಟೀಚರ್. ಕೇಳಬೇಕಾದ ಪ್ರಶ್ನೆಗಳೆಲ್ಲ ಗೊತ್ತಿದ್ದವು. ಒಂದನ್ನೂ ಕೇಳಲಿಲ್ಲ. ಆ ಬಿಳಿ ಹಾಳೆ ನನ್ನನ್ನು ಅಷ್ಟು ಹೆದರಿಸಿತ್ತು. ಅದರ ಎದುರು ಅಣಬೆ ಬಹಳ ಸಾಧು ಅನ್ನಿಸಿತು. ಮುಂಗಾರು ಶುರುವಾಗಿ ಗುಡುಗು ಹೊಡೆದ ಮೇಲೆ ಅಮ್ಮ ಹುತ್ತದ ಅಣಬೆ ತಂದು ಸಾರು ಮಾಡುತ್ತಿದ್ದಳು. ಅದನ್ನು ತಿಂದು ಯಾರಿಗೆ ಏನಾಗಿದೆ?

ಜುಲೈ ಕೊನೆಯಲ್ಲಿ ಶುರು ಮಾಡಿದೆ. ಬೆಳಗ್ಗೆ ಒಂದು, ರಾತ್ರಿ ಒಂದು. ಮೂರೇ ವಾರಕ್ಕೆ ಆರಾಮ ಅನ್ನಿಸಿತು! ಬೆಳಗಿನ ಬಿಗಿತ ಅರ್ಧ ಗಂಟೆಗೆ ಇಳಿಯಿತು. ನಾದಿನಿಗೆ ಫೋನ್ ಮಾಡಿ ನಾನೇ ಹೇಳಿದೆ. ಅವಳು ಅದನ್ನು ತನ್ನ ಗ್ರೂಪಿನಲ್ಲಿ ಹಾಕಿಕೊಂಡಳು: ‘ನಮ್ಮ ಅತ್ತಿಗೆ, ಸೈನ್ಸ್ ಟೀಚರ್.’

ಆಗ ನಾನು ಲೆಕ್ಕ ಹಾಕದೆ ಬಿಟ್ಟದ್ದು ಒಂದಿತ್ತು. ಕ್ಯಾಪ್ಸೂಲು ಶುರು ಮಾಡಿದಾಗ ಮೆಥೊಟ್ರೆಕ್ಸೇಟಿನ ಏಳನೇ ವಾರ ನಡೆಯುತ್ತಿತ್ತು. ಅಂದರೆ ಮಾತ್ರೆ ಕೆಲಸ ಶುರು ಮಾಡಬೇಕಾದ ಸರಿಯಾದ ಹೊತ್ತು. ಮಾತ್ರೆ ದುಡಿಯಿತು, ಹೆಸರು ಅಣಬೆಗೆ ಹೋಯಿತು.

ಗೌರಿ ಹಬ್ಬಕ್ಕೆ ತವರಿಗೆ ಹೋದಾಗ ಡಬ್ಬಿ ಜೊತೆಗಿತ್ತು. ಅಣ್ಣ ಕನ್ನಡಕ ಏರಿಸಿಕೊಂಡು ಲೇಬಲ್ ಓದಿದ. ಎರಡು ಸಲ ಓದಿದ.

“ಗ್ಯಾನೋಡರ್ಮಾ ಲೂಸಿಡಮ್. ಏನೇ ಇದು? ನಾನು ಕಿತ್ತು ಸುಡ್ತಿರೋದನ್ನ ನೀನು ದುಡ್ಡು ಕೊಟ್ಟು ತಿಂತಿದ್ದೀಯಲ್ಲೇ!”

ಅತ್ತಿಗೆ ನಕ್ಕು ನಕ್ಕು ಸಾಕಾದಳು. ನನಗೆ ಸ್ವಲ್ಪ ಅವಮಾನವೇ ಆಯಿತು. ಇದು ಬೇರೆ, ಅದು ಬೇರೆ ಅಂದೆ. ಹಾಗೆ ಅಂದದ್ದು ಸುಮ್ನೆ ಬಾಯಿಗೆ ಬಂದದ್ದು. ಆಮೇಲೆ ಓದಿದಾಗ ಗೊತ್ತಾಯಿತು, ಅದರಲ್ಲಿ ನಿಜವೂ ಇದೆ. ಲೂಸಿಡಮ್ ಎಂಬ ಹೆಸರು 1781ರಲ್ಲಿ ಇಂಗ್ಲೆಂಡಿನ ಅಣಬೆಗೆ ಇಟ್ಟದ್ದು. ಹೊಳೆಯುವುದು ಎಂದು ಅರ್ಥ. ಆಮೇಲೆ ಲೋಕದಲ್ಲಿ ಹೊಳೆಯುವ ಅಣಬೆ ಎಲ್ಲಿ ಕಂಡರೂ ಅದೇ ಹೆಸರು ಅಂಟಿಸಿದರು. ಚೀನಾದವರು ಬೆಳೆಸುವುದು ಬೇರೆಯೇ ಜಾತಿ ಎಂದು 2012ರಲ್ಲಿ ಅದಕ್ಕೆ ಗ್ಯಾನೋಡರ್ಮಾ ಲಿಂಗ್‌ಝಿ ಎಂಬ ಹೊಸ ಹೆಸರು ಕೊಟ್ಟಿದ್ದಾರೆ. ಹಾಗಾಗಿ ಹೆಸರು ಒಂದೇ ಎಂದು ಯಾರೂ ತೋಟದ ಅಣಬೆ ಕಿತ್ತು ಕಷಾಯ ಮಾಡಿಕೊಳ್ಳಬೇಡಿ.

ಸೆಪ್ಟೆಂಬರ್ ಕೊನೆಗೆ ರಕ್ತ ಪರೀಕ್ಷೆ ಇತ್ತು. ಲಿವರಿಗೆ ಪೆಟ್ಟಾದರೆ ರಕ್ತದಲ್ಲಿ ಏರುವ ಎಸ್‌ಜಿಪಿಟಿ ಎಂಬ ಕಿಣ್ವ ಮೊದಲ ಸಲ 31 ಇತ್ತು. ಈ ಸಲ 148. ಡಾಕ್ಟರು ರಿಪೋರ್ಟ್ ನೋಡಿದರು, ನನ್ನ ಮುಖ ನೋಡಿದರು.

“ಮಾತ್ರೆ ವಾರಕ್ಕೊಂದೇ ದಿನ ತಾನೆ?”

“ಹೌದು.”

“ಬೇರೆ ಏನಾದ್ರೂ ತಗೋತಿದ್ದೀರಾ? ಕಷಾಯ, ಲೇಹ್ಯ, ಪುಡಿ?”

ಒಂದು ಕ್ಷಣ ಇಲ್ಲ ಅನ್ನೋಣ ಅನ್ನಿಸಿತು. ನಿಜ ಹೇಳುತ್ತಿದ್ದೇನೆ. ಬೈಸಿಕೊಳ್ಳುವ ಭಯ ನಲವತ್ತಾರಕ್ಕೂ ಹೋಗಿರುವುದಿಲ್ಲ. ಆದರೆ ಬ್ಯಾಗಿನಲ್ಲಿ ಡಬ್ಬಿ ಇತ್ತು. ತೆಗೆದು ಕೊಟ್ಟೆ.

ಅವರು ಬೈಯಲಿಲ್ಲ. ಡಬ್ಬಿ ತಿರುಗಿಸಿ ನೋಡಿ ಕೇಳಿದರು: “ಇದನ್ನ ಯಾಕೆ ತಗೊಂಡ್ರಿ?”

“ಇಮ್ಯುನಿಟಿ ಜಾಸ್ತಿ ಆಗಲಿ ಅಂತ.”

“ಮೇಡಂ, ನಿಮಗೆ ಇಮ್ಯುನಿಟಿ ಕಡಿಮೆ ಆಗಿ ಈ ಕಾಯಿಲೆ ಬಂದಿಲ್ಲ. ಅದು ದಾರಿ ತಪ್ಪಿ ನಿಮ್ಮ ಕೀಲುಗಳ ಮೇಲೇ ಬಿದ್ದಿದೆ. ಬೇಲಿಯೇ ಎದ್ದು ಹೊಲ ಮೇಯ್ತಾ ಇದೆ. ನಾನು ಬೇಲಿ ಸವರೋಕೆ ನೋಡ್ತಿದ್ದೀನಿ, ನೀವು ಅದಕ್ಕೆ ಗೊಬ್ಬರ ಹಾಕ್ತಿದ್ದೀರಿ.”

ಆ ಮಾತು ನನಗೆ ನಾಟಿದ ಹಾಗೆ ಯಾವ ಪಾಠವೂ ನಾಟಿಲ್ಲ. ಕೊರೋನಾ ಬಂದಾಗಿನಿಂದ ‘ಇಮ್ಯುನಿಟಿ’ ಅಂದರೆ ಟ್ಯಾಂಕಿನ ನೀರು ಎಂದುಕೊಂಡುಬಿಟ್ಟಿದ್ದೇವೆ. ಕಡಿಮೆಯಾದರೆ ತುಂಬಿಸಬೇಕು, ತುಂಬಿದಷ್ಟೂ ಒಳ್ಳೆಯದು. ನಾನೂ ಹಾಗೇ ಎಂದುಕೊಂಡಿದ್ದೆ. ಅದೂ ಹತ್ತನೇ ತರಗತಿಗೆ ಪಾಠ ಹೇಳಿಕೊಂಡು.

ಲಿವರು ಕೆಟ್ಟದ್ದು ಕ್ಯಾಪ್ಸೂಲಿನಿಂದಲೇ ಎಂದು ಅವರು ಹೇಳಲಿಲ್ಲ, ನಾನೂ ಹೇಳುವುದಿಲ್ಲ. ಮೆಥೊಟ್ರೆಕ್ಸೇಟಿನಿಂದಲೂ ಎಸ್‌ಜಿಪಿಟಿ ಏರುತ್ತದೆ. “ಇಬ್ಬರೂ ಒಂದೇ ಮನೆಯಲ್ಲಿದ್ದಾಗ ಕಳ್ಳ ಯಾರು ಅಂತ ಹೇಗೆ ಹೇಳೋದು?” ಅಂದರು. ಹಾಂಗ್‌ಕಾಂಗ್ ಮತ್ತು ಥಾಯ್ಲೆಂಡಿನಿಂದ, ಲಿಂಗ್‌ಝಿ ಪುಡಿ ತಿಂದ ಮೇಲೆ ಲಿವರಿಗೆ ಪೆಟ್ಟಾದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ವರದಿಯಾಗಿವೆ. ಥಾಯ್ಲೆಂಡಿನ ರೋಗಿ ಉಳಿಯಲಿಲ್ಲ. ಇಂಥ ಪ್ರಕರಣಗಳು ಕೆಲವೇ. ಆದರೆ ಲಿವರಿನ ಮೇಲೆ ಭಾರ ಹಾಕುವ ಮಾತ್ರೆ ಮೊದಲೇ ನುಂಗುತ್ತಿರುವವರಿಗೆ ಅಷ್ಟು ಸಾಕಲ್ವಾ?

ಎರಡನ್ನೂ ನಿಲ್ಲಿಸಿದರು. ಕ್ಯಾಪ್ಸೂಲು ಶಾಶ್ವತವಾಗಿ, ಮೆಥೊಟ್ರೆಕ್ಸೇಟ್ ಸದ್ಯಕ್ಕೆ.

ಮುಂದಿನ ಮೂರು ವಾರದ ಪಾಡು ಯಾರಿಗೂ ಬೇಡ. ಹನ್ನೆರಡನೇ ದಿನಕ್ಕೆ ಎರಡೂ ಮಣಿಕಟ್ಟು ಊದಿಕೊಂಡವು. ಬಾತ್‌ರೂಮಿನ ನಲ್ಲಿ ತಿರುಗಿಸಲು ಮಗಳನ್ನು ಕರೆಯಬೇಕಾಯಿತು. ಜಡೆ ಹಾಕಿಕೊಳ್ಳಲು ಆಗುತ್ತಿರಲಿಲ್ಲ. ಕಡಿಮೆ ಡೋಸಿನ ಸ್ಟೀರಾಯ್ಡ್ ಕೊಟ್ಟರು, ಅದರಲ್ಲೇ ದಿನ ದೂಡಿದೆ. ದಸರಾ ರಜೆ ಹೀಗೇ ಕಳೆಯಿತು. ಕೂತಲ್ಲೇ ಓದಲು ಶುರು ಮಾಡಿದೆ. ಕೈ ಆಡದಿದ್ದರೂ ಕಣ್ಣು ಆಡುತ್ತಿತ್ತಲ್ಲ.

ಮೊದಲು ಹುಡುಕಿದ್ದು, ಅಣಬೆಯಲ್ಲಿ ಇರುವುದಾದರೂ ಏನು ಎಂದು. ಮುಖ್ಯವಾದದ್ದು ಬೀಟಾ-ಗ್ಲುಕಾನ್. ಇದು ಶಿಲೀಂಧ್ರಗಳ ಕೋಶಭಿತ್ತಿಯಲ್ಲಿ ಇರುವ ಸಕ್ಕರೆಯ ಸರ. ಅನ್ನದ ಪಿಷ್ಟವೂ ಗ್ಲೂಕೋಸಿನ ಸರವೇ, ಹತ್ತಿಯ ಸೆಲ್ಯುಲೋಸೂ ಗ್ಲೂಕೋಸಿನ ಸರವೇ. ಮಣಿ ಒಂದೇ, ಪೋಣಿಸುವ ರೀತಿ ಬೇರೆ. ಪಿಷ್ಟದ ಗಂಟನ್ನು ನಮ್ಮ ಹೊಟ್ಟೆ ಬಿಚ್ಚುತ್ತದೆ. ಬೀಟಾ-ಗ್ಲುಕಾನಿನ ಗಂಟು ಬಿಚ್ಚಲು ನಮ್ಮಲ್ಲಿ ಕಿಣ್ವವೇ ಇಲ್ಲ.

ಅಷ್ಟೇ ಅಲ್ಲ, ನಮ್ಮ ದೇಹ ಅದನ್ನು ಎಲ್ಲೂ ತಯಾರಿಸುವುದಿಲ್ಲ. ಹಾಗಾಗಿ ಅದು ಒಳಗೆ ಕಂಡಿತೆಂದರೆ ಹೊರಗಿನವರು ಬಂದಿದ್ದಾರೆ ಎಂದೇ ಅರ್ಥ. ಕಾವಲಿನ ಬಿಳಿ ರಕ್ತಕಣಗಳ ಮೈಮೇಲೆ ಇದನ್ನು ಮುಟ್ಟಿ ಗುರುತಿಸುವ ಒಂದು ಕೊಂಡಿ ಇದೆ. ಹೆಸರು ಡೆಕ್ಟಿನ್-1. ಅದು ಬೀಟಾ-ಗ್ಲುಕಾನನ್ನು ಹಿಡಿಯುತ್ತದೆ ಎಂದು 2001ರಲ್ಲಿ ಆಕ್ಸ್‌ಫರ್ಡಿನ ಗಾರ್ಡನ್ ಬ್ರೌನ್ ಮತ್ತು ಸೈಮನ್ ಗಾರ್ಡನ್ ತೋರಿಸಿದರು. ಕೊಂಡಿಗೆ ಸಿಕ್ಕಿತೋ, ಮ್ಯಾಕ್ರೋಫೇಜ್ ಎಂಬ ಕಣ ಅದನ್ನು ನುಂಗಲು ಹೋಗುತ್ತದೆ, ಜೊತೆಗೆ ಸುತ್ತಮುತ್ತ ಕೂಗು ಹಾಕುತ್ತದೆ. ಆ ಕೂಗುಗಳಲ್ಲಿ ಒಂದು ಟಿಎನ್‌ಎಫ್.

ಟಿಎನ್‌ಎಫ್ ಎಂದು ಓದಿದವಳು ಅಲ್ಲೇ ನಿಂತೆ. ಈ ಹೆಸರನ್ನು ಡಾಕ್ಟರ ಬಾಯಲ್ಲಿ ಕೇಳಿದ್ದೆ. ಮಾತ್ರೆ ಕೈಕೊಟ್ಟರೆ ದುಬಾರಿ ಇಂಜೆಕ್ಷನ್ ಇದೆ ಅಂದಿದ್ದರು. ಅದು ಟಿಎನ್‌ಎಫ್ ಅನ್ನು ತಡೆಯುವ ಇಂಜೆಕ್ಷನ್. ಕೀಲಿನ ಊತಕ್ಕೆ ಬೆಂಕಿ ಹಚ್ಚುವವನು ಇವನೇ ಎಂದು ಲಂಡನ್ನಿನ ಮಾರ್ಕ್ ಫೆಲ್ಡ್‌ಮನ್ ಮತ್ತು ರವೀಂದರ್ ಮೈನಿ ಕಂಡುಹಿಡಿದು, 1992ರಲ್ಲಿ ಮೊದಲ ಸಲ ರೋಗಿಗಳಿಗೆ ಆ ಔಷಧ ಕೊಟ್ಟು ನೋಡಿದ್ದರು. ಅಂದರೆ ಒಂದು ಕಡೆ ಟಿಎನ್‌ಎಫ್ ತಡೆಯಲು ಸಾವಿರಾರು ರೂಪಾಯಿಯ ಸೂಜಿ. ಇನ್ನೊಂದು ಕಡೆ ಲ್ಯಾಬಿನ ತಟ್ಟೆಯಲ್ಲಿ ಅದೇ ಟಿಎನ್‌ಎಫ್ ಅನ್ನು ಎಬ್ಬಿಸುವ ಸರ ನನ್ನ ಕ್ಯಾಪ್ಸೂಲಿನಲ್ಲಿ!

ಇನ್ನೂ ಮುಂದೆ ಹೋದಾಗ ಕ್ಯೋಟೋದ ಇಲಿಗಳು ಸಿಕ್ಕವು. 2005ರ ಕೆಲಸ. ಕ್ಯೋಟೋ ವಿಶ್ವವಿದ್ಯಾಲಯದಲ್ಲಿ ಶಿಮೋನ್ ಸಕಾಗುಚಿ ಅವರ ಗುಂಪು ಸಾಕಿದ ಒಂದು ತಳಿಗೆ ಹುಟ್ಟಿನಿಂದಲೇ ನನ್ನಂಥ ಕಾಯಿಲೆ ಬರುವ ಒಲವು. ಆದರೆ ಬಹಳ ಶುಚಿಯಾದ ಕೋಣೆಯಲ್ಲಿ ಬೆಳೆಸಿದರೆ ಬರುವುದಿಲ್ಲ. ಅಂಥ ಇಲಿಗಳಿಗೆ ಬೀಟಾ-ಗ್ಲುಕಾನ್ ಚುಚ್ಚಿದರು. ಕೀಲುಗಳು ಊದಿಕೊಂಡವು. ಡೆಕ್ಟಿನ್-1 ಕೊಂಡಿಯನ್ನು ಮೊದಲೇ ಮುಚ್ಚಿಟ್ಟಾಗ ಕಾಯಿಲೆ ತಡೆಯಿತು. ದೇಹ ತನ್ನ ಮೇಲೇ ತಾನು ಬೀಳದ ಹಾಗೆ ಹಿಡಿದಿಡುವ ಕಣಗಳನ್ನು ತೋರಿಸಿಕೊಟ್ಟದ್ದಕ್ಕೆ ಇದೇ ಸಕಾಗುಚಿಯವರಿಗೆ 2025ರ ನೊಬೆಲ್‌ನಲ್ಲಿ ಪಾಲು ಸಿಕ್ಕಿತು.

ಇಷ್ಟು ಓದಿ ನನಗೆ ಎದೆ ಝಲ್ ಅಂದಿತು. ಆದರೆ ಟೀಚರ್ ಬುದ್ಧಿ ತಡವಾಗಿಯಾದರೂ ಎಚ್ಚರವಾಗಿತ್ತು. ಅದು ಇಲಿ, ನಾನು ಮನುಷ್ಯಳು. ಅದಕ್ಕೆ ಚುಚ್ಚಿದ್ದು, ನಾನು ನುಂಗಿದ್ದು. ನುಂಗಿದ ಬೀಟಾ-ಗ್ಲುಕಾನ್ ಸಕ್ಕರೆಯ ಹಾಗೆ ರಕ್ತಕ್ಕೆ ಸೇರುವುದಿಲ್ಲ, ಬಹುಪಾಲು ಕರುಳಿನಲ್ಲೇ ಮುಂದೆ ಸಾಗುತ್ತದೆ. ಆದರೂ ಸಣ್ಣ ಕರುಳಿನ ಗೋಡೆಯಲ್ಲಿ ಅಲ್ಲಲ್ಲಿ ಕಾವಲು ಠಾಣೆಗಳಿವೆ. ಪೇಯರ್ಸ್ ಪ್ಯಾಚ್ ಅನ್ನುತ್ತಾರೆ. ದಾರಿಹೋಕರನ್ನು ಸ್ವಲ್ಪ ಸ್ವಲ್ಪ ಒಳಗೆ ಎಳೆದು ತಪಾಸಣೆ ಮಾಡುವುದೇ ಅವುಗಳ ಕೆಲಸ. ಅಣಬೆಯ ಸುದ್ದಿ ದೇಹಕ್ಕೆ ಮುಟ್ಟುವ ಒಂದು ದಾರಿ ಅದು.

ಇನ್ನೊಂದು ತೊಡಕು ಇದೆ. ಈ ಅಣಬೆಯಲ್ಲಿ ಕಹಿಯಾದ ಟ್ರೈಟರ್ಪೀನ್ ಎಂಬ ವಸ್ತುಗಳೂ ಇವೆ. ಗ್ಯಾನೋಡೆರಿಕ್ ಆ್ಯಸಿಡ್‌ಗಳು ಆ ಗುಂಪಿನವು. ಲ್ಯಾಬಿನಲ್ಲಿ ಅವು ಉಲ್ಟಾ ಕೆಲಸ ಮಾಡುತ್ತವೆ, ಟಿಎನ್‌ಎಫ್ ಅನ್ನು ತಗ್ಗಿಸುತ್ತವೆ. ಒಂದೇ ಅಣಬೆಯಲ್ಲಿ ಎಬ್ಬಿಸುವವನೂ ಇದ್ದಾನೆ, ಮಲಗಿಸುವವನೂ ಇದ್ದಾನೆ. ನೀರಿನಲ್ಲಿ ಕುದಿಸಿದರೆ ಸರಗಳು ಜಾಸ್ತಿ ಬರುತ್ತವೆ, ಆಲ್ಕೋಹಾಲಿನಲ್ಲಿ ತೆಗೆದರೆ ಕಹಿ ವಸ್ತುಗಳು ಜಾಸ್ತಿ. ಮಾರುವವರು ಇದನ್ನೇ ಹಿಡಿದು ‘ಜಾಸ್ತಿ ಇದ್ದರೆ ಇಳಿಸುತ್ತದೆ, ಕಡಿಮೆ ಇದ್ದರೆ ಏರಿಸುತ್ತದೆ’ ಅನ್ನುತ್ತಾರೆ. ಅಷ್ಟು ಜಾಣ ಅಣಬೆ ಇದ್ದಿದ್ದರೆ ಡಾಕ್ಟರೇ ಬರೆದುಕೊಡುತ್ತಿರಲಿಲ್ಲವೇ?

ನನ್ನ ಕಾಯಿಲೆಯವರಿಗೇ ಕೊಟ್ಟು ನೋಡಿದ್ದಾರಾ ಎಂದು ಹುಡುಕಿದೆ. ಹಾಂಗ್‌ಕಾಂಗಿನಲ್ಲಿ ನೋಡಿದ್ದಾರೆ, 2007ರಲ್ಲಿ ಅಚ್ಚಾಗಿದೆ. 65 ರೋಗಿಗಳು, 24 ವಾರ. ಅರ್ಧ ಜನಕ್ಕೆ ಲಿಂಗ್‌ಝಿ ಮತ್ತು ಇನ್ನೊಂದು ಚೀನೀ ಗಿಡಮೂಲಿಕೆಯ ಮಿಶ್ರಣ, ಅರ್ಧ ಜನಕ್ಕೆ ಬರೀ ಹುಸಿ ಮಾತ್ರೆ. ಅಣಬೆ ತಗೊಂಡವರಲ್ಲಿ ನೋವು ತುಸು ಕಡಿಮೆಯಾಗಿತ್ತು. ಊತದ ಲೆಕ್ಕ, ರಕ್ತದ ಲೆಕ್ಕಗಳಲ್ಲಿ ಎರಡು ಗುಂಪಿಗೂ ಹೇಳಿಕೊಳ್ಳುವ ವ್ಯತ್ಯಾಸ ಬರಲಿಲ್ಲ. ನಾದಿನಿ ಹೇಳಿದ ಅಮೃತವೂ ಅಲ್ಲ, ನಾನು ಹೆದರಿಕೊಂಡ ವಿಷವೂ ಅಲ್ಲ. ಆದರೆ ಅಲ್ಲಿ ಕೊಟ್ಟದ್ದು ಏನು, ಎಷ್ಟು ಎಂದು ಅವರಿಗೆ ಗೊತ್ತಿತ್ತು. ನನ್ನ ಡಬ್ಬಿಯಲ್ಲಿ ಏನಿತ್ತು?

ಶಾಲೆ ತೆರೆದ ಮೇಲೆ ಅದನ್ನೇ ನೋಡೋಣ ಎಂದು ಹೊರಟೆ. ಲೇಬಲ್ಲಿನ ಮೇಲೆ ‘ಪಾಲಿಸ್ಯಾಕರೈಡ್ 30%’ ಎಂದಿತ್ತು, ಅಂದರೆ ಸಕ್ಕರೆಯ ಉದ್ದ ಸರ. ಕೇಳಲು ದೊಡ್ಡದಾಗಿದೆ. ಆದರೆ ಪಿಷ್ಟವೂ ಪಾಲಿಸ್ಯಾಕರೈಡೇ! ಅಕ್ಕಿ ಹಿಟ್ಟು ತುಂಬಿದರೂ ಆ ಮಾತು ಸುಳ್ಳಾಗುವುದಿಲ್ಲ. ಬೀಟಾ-ಗ್ಲುಕಾನ್ ಎಷ್ಟು ಎಂದು ಎಲ್ಲೂ ಬರೆದಿರಲಿಲ್ಲ. ಅಣಬೆಯಲ್ಲಿ ಪಿಷ್ಟ ಇರುವುದಿಲ್ಲ, ಅದು ನಮ್ಮ ಹಾಗೆ ಗ್ಲೈಕೋಜನ್ ಕೂಡಿಡುತ್ತದೆ. ಪಿಷ್ಟ ಇದೆಯಾ ಎಂದು ನೋಡಲು ದೊಡ್ಡ ಲ್ಯಾಬ್ ಬೇಕಿಲ್ಲ. ಅಯೋಡಿನ್ ಹನಿ ಸಾಕು.

ಒಂಬತ್ತನೇ ತರಗತಿಯ ನಾಲ್ಕು ಮಕ್ಕಳನ್ನು ಕರೆದೆ, ನನ್ನ ಕೈಯಲ್ಲಿ ಡ್ರಾಪರ್ ಹಿಡಿಯಲು ಆಗುತ್ತಿರಲಿಲ್ಲ. ನಾಲ್ಕು ಗಾಜಿನ ತಟ್ಟೆ. ಒಂದರಲ್ಲಿ ಗಂಜಿ. ಒಂದರಲ್ಲಿ ಒಣಗಿಸಿ ಪುಡಿ ಮಾಡಿದ ಬಟನ್ ಅಣಬೆ. ಒಂದರಲ್ಲಿ ಅಣ್ಣ ಬಸ್ಸಿಗೆ ಹಾಕಿ ಕಳಿಸಿದ ತೋಟದ ಅಣಬೆಯ ಪುಡಿ, ಅದನ್ನು ಅಟೆಂಡರ್ ಅರದಲ್ಲಿ ಉಜ್ಜಿ ಕೊಟ್ಟಿದ್ದರು. ಕೊನೆಯದರಲ್ಲಿ ಕ್ಯಾಪ್ಸೂಲು ಬಿಚ್ಚಿ ಸುರಿದ ಪುಡಿ. ಎಲ್ಲದಕ್ಕೂ ನೀರು, ಎಲ್ಲದಕ್ಕೂ ಎರಡೆರಡು ಹನಿ ಅಯೋಡಿನ್.

ಗಂಜಿ ಕಪ್ಪು ನೀಲಿಯಾಯಿತು, ಆಗಲೇಬೇಕು. ಬಟನ್ ಅಣಬೆ ಅಯೋಡಿನ್ನಿನ ಕಂದು ಬಣ್ಣದಲ್ಲೇ ಉಳಿಯಿತು. ತೋಟದ ಅಣಬೆಯೂ ಕಂದು. ಕ್ಯಾಪ್ಸೂಲು ಗಂಜಿಯ ಜೊತೆ ನಿಂತಿತು. ಕಡು ನೀಲಿ.

“ಮಿಸ್, ಇದು ಅಣಬೆ ಅಲ್ವಾ?” ಎಂದು ಒಬ್ಬಳು ಕೇಳಿದಳು.

ಅಣಬೆ ಇಲ್ಲವೇ ಇಲ್ಲ ಎಂದು ಇದರಿಂದ ಹೇಳಲು ಬರುವುದಿಲ್ಲ. ಆದರೆ ಬೇರೆ ಏನೋ ಸೇರಿದೆ. ಅಣಬೆ ಬೇಸಾಯದ ತರಬೇತಿಗೆ ಹೋದವರಿಗೆ ಗೊತ್ತು, ಅಣಬೆ ಬೀಜ ಅಂದರೆ ಬೇಯಿಸಿದ ಜೋಳದ ಕಾಳಿನ ಮೇಲೆ ಹಬ್ಬಿದ ಬಿಳಿ ಎಳೆಗಳು. ಹೊರದೇಶಗಳಲ್ಲಿ ಕೆಲವರು ಹೀಗೆ ಕಾಳಿನ ಮೇಲೆ ಬೆಳೆದದ್ದನ್ನು ಕಾಳಿನ ಸಮೇತ ಒಣಗಿಸಿ ಪುಡಿ ಮಾಡಿ ಮಾರುತ್ತಾರೆ. ಇದೂ ಹಾಗೇ ಇರಬಹುದು. ಅಥವಾ ಡಬ್ಬಿ ತುಂಬಲು ಮೆಕ್ಕೆಜೋಳದ ಪಿಷ್ಟ ಬೆರೆಸಿರಬಹುದು. ಅಮೆರಿಕದ ಮಾರುಕಟ್ಟೆಯಿಂದ ಇಂಥ 19 ಬ್ಯಾಚ್ ತಂದು ಪರೀಕ್ಷೆ ಮಾಡಿದ ವರದಿ 2017ರಲ್ಲಿ ಬಂತು. ಲೇಬಲ್ಲಿಗೆ ಒಪ್ಪುವ ಹಾಗೆ ಇದ್ದದ್ದು 5 ಮಾತ್ರ. ಕಹಿ ಕೂಡ ಒಂದು ಗುರುತು. ನನ್ನ ಪುಡಿಯನ್ನು ನಾಲಿಗೆಗೆ ಮುಟ್ಟಿಸಿ ನೋಡಿದೆ. ಹುರಿದ ಹಿಟ್ಟಿನ ರುಚಿ.

ನಗು ಬಂತು, ಸಿಟ್ಟೂ ಬಂತು. ಇಲಿ, ಟಿಎನ್‌ಎಫ್ ಎಂದು ರಾತ್ರಿಯೆಲ್ಲ ನಿದ್ದೆಗೆಟ್ಟದ್ದು ಯಾವುದಕ್ಕೆ? ನನ್ನ ಬೇಲಿಗೆ ನಾನು ಹಾಕಿದ್ದು ಗೊಬ್ಬರವೋ ಬರೀ ಹಿಟ್ಟೋ ಎಂಬುದು ಕೂಡ ಇವತ್ತಿಗೂ ತೀರ್ಮಾನವಾಗಿಲ್ಲ.

ಸ್ಟಾಫ್ ರೂಮಿನಲ್ಲಿ ಇದನ್ನೆಲ್ಲ ಹೇಳಿದಾಗ ಗಣಿತದ ಮೇಷ್ಟ್ರು ಕೇಳಿದರು: “ಹಾಗಾದ್ರೆ ಅಣಬೆ ಔಷಧ ಅನ್ನೋದೇ ಬೊಗಳೆ ಅನ್ನಿ.” ಅವರ ಮಾವನಿಗೆ ಹೊಟ್ಟೆಯ ಕ್ಯಾನ್ಸರ್ ಆಗಿ ಆಪರೇಷನ್ ಆಗಿತ್ತು, ಅವರ ಮನೆಗೂ ಇಂಥ ಡಬ್ಬಿಗಳು ಬಂದಿದ್ದವು. ಬೊಗಳೆ ಅನ್ನಲು ನನ್ನಿಂದ ಆಗಲಿಲ್ಲ. ಜಪಾನಿನ ಕಥೆ ಬೇರೆ ಇದೆ. ಅಲ್ಲಿ ಕಾಡಿನ ಕೊಳೆತ ಮರದ ಮೇಲೆ ಬಣ್ಣದ ಪಟ್ಟಿಪಟ್ಟಿಯಾಗಿ ಬೆಳೆಯುವ ಒಂದು ಅಣಬೆಯಿಂದ ಕ್ರೆಸ್ಟಿನ್ ಎಂಬ ಔಷಧ ತೆಗೆದರು. 1977ರಲ್ಲಿ ಸರ್ಕಾರವೇ ಒಪ್ಪಿಗೆ ಕೊಟ್ಟಿತು. ಹೊಟ್ಟೆಯ ಕ್ಯಾನ್ಸರ್ ಆಪರೇಷನ್ ಆದ 262 ರೋಗಿಗಳ ಮೇಲೆ ನಡೆದ ಪರೀಕ್ಷೆ 1994ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಬರೀ ಕೀಮೋ ತಗೊಂಡವರಲ್ಲಿ ಐದು ವರ್ಷ ಬದುಕಿದವರು 60%, ಕೀಮೋ ಜೊತೆ ಕ್ರೆಸ್ಟಿನ್ ತಗೊಂಡವರಲ್ಲಿ 73%. ಶಿಟಾಕೆ ಅಣಬೆಯಿಂದ ತೆಗೆದ ಲೆಂಟಿನನ್‌ಗೂ 1985ರಲ್ಲಿ ಒಪ್ಪಿಗೆ ಸಿಕ್ಕಿತು. ಅದನ್ನು ನುಂಗುವುದಲ್ಲ, ರಕ್ತನಾಳಕ್ಕೆ ಕೊಡುತ್ತಿದ್ದರು. ಅವೆಲ್ಲ ಆಸ್ಪತ್ರೆಯಲ್ಲಿ, ಗೊತ್ತಿರುವ ತಳಿಯಿಂದ, ಅಳತೆ ಮಾಡಿ, ಬೇರೆ ಚಿಕಿತ್ಸೆಯ ಜೊತೆಗೆ ಕೊಟ್ಟದ್ದು. ಅಲ್ಲಿ ರೋಗಿಯ ಬೇಲಿ ಬಡಕಲಾಗಿತ್ತು, ನನ್ನ ಬೇಲಿ ಹೊಲ ಮೇಯುತ್ತಿತ್ತು.

“ಅದು ಸಿಗತ್ತಾ ಇಲ್ಲಿ?” ಅಂದರು.

“ನಿಮ್ಮ ಮನೆಗೆ ಬಂದಿರೋ ಡಬ್ಬಿ ಅದಲ್ಲ. ಮಾವನ ಡಾಕ್ಟರಿಗೆ ತೋರಿಸದೆ ಕೊಡಬೇಡಿ,” ಅಂದೆ. ತೋರಿಸಿದರೋ ಇಲ್ಲವೋ ಕೇಳಿಲ್ಲ.

ನಾಲ್ಕನೇ ವಾರ ಎಸ್‌ಜಿಪಿಟಿ 52ಕ್ಕೆ ಇಳಿಯಿತು. ಮೆಥೊಟ್ರೆಕ್ಸೇಟನ್ನು ಕಡಿಮೆ ಡೋಸಿನಿಂದ ಮತ್ತೆ ಶುರು ಮಾಡಿದರು, ಮೆಲ್ಲಗೆ ಏರಿಸಿದರು. ಈಗ ಎಂಟು ತಿಂಗಳಾಯಿತು, ರಿಪೋರ್ಟು ಸರಿಯಿದೆ. ಸೋಮವಾರದ ತೊಳಸು ಹೋಗಿಲ್ಲ, ಅಭ್ಯಾಸವಾಗಿದೆ. ಚಪಾತಿ ಹಿಟ್ಟು ನಾನೇ ನಾದುತ್ತೇನೆ. ಅಣಬೆ ಪಲ್ಯ ತಿನ್ನಬಹುದಾ ಎಂದು ಡಾಕ್ಟರನ್ನು ಕೇಳಿದೆ. ಜೋರಾಗಿ ನಕ್ಕರು. ಊಟದಲ್ಲಿ ತಿನ್ನುವ ಅಣಬೆ ಊಟವೇ, ಧಾರಾಳವಾಗಿ ತಿನ್ನಿ ಅಂದರು. ವಾರಕ್ಕೊಮ್ಮೆ ಮೆಣಸು ಹಾಕಿ ಹುರಿಯುತ್ತೇನೆ.

ಕಷ್ಟವಾದದ್ದು ನಾದಿನಿಗೆ ಹೇಳುವುದು. ಫೋನಿನಲ್ಲಿ ಬೇಡ ಎಂದು ಮನೆಗೇ ಕರೆದೆ. ಎರಡೂ ರಿಪೋರ್ಟು ಇಟ್ಟೆ, ನಾಲ್ಕು ತಟ್ಟೆಯ ಫೋಟೋ ತೋರಿಸಿದೆ. ಅವಳ ಕಣ್ಣಲ್ಲಿ ನೀರು ಬಂತು. “ನಿಮಗೆ ಕೆಟ್ಟದಾಗಲಿ ಅಂತ ಕೊಟ್ಟೆನಾ ಅತ್ತಿಗೆ?” ಅಂದಳು. ಇಲ್ಲ ಕಣೇ ಅಂದೆ. ಅವಳ ಕಷ್ಟ ನನಗೆ ಗೊತ್ತಿತ್ತು. ಸೇರುವಾಗಲೇ 40,000 ರೂಪಾಯಿಯ ಮಾಲು ತಗೊಂಡಿದ್ದಳು, ಅರ್ಧ ಡಬ್ಬಿಗಳು ಇನ್ನೂ ಮಂಚದ ಕೆಳಗಿದ್ದವು. ‘ಸೈನ್ಸ್ ಟೀಚರ್’ ಪೋಸ್ಟನ್ನು ಮಾತ್ರ ಅವತ್ತೇ ತೆಗೆಸಿದೆ.

ಮಾರುವುದನ್ನು ಅವಳು ಬಿಟ್ಟಿಲ್ಲ. ಆದರೆ ಈಗ ಕೊಡುವ ಮುಂಚೆ “ಬೇರೆ ಮಾತ್ರೆ ಏನಾದ್ರೂ ತಗೋತೀರಾ?” ಎಂದು ಕೇಳುತ್ತಾಳೆ. ತಗೋತೀವಿ ಅಂದರೆ ಚೀಟಿಯ ಫೋಟೋ ನನಗೆ ಕಳಿಸುತ್ತಾಳೆ. ನಾನು ಡಾಕ್ಟರಲ್ಲ, ನನಗೆ ಕಳಿಸಬೇಡ ಎಂದು ಎಷ್ಟು ಹೇಳಿದರೂ ಕೇಳುವುದಿಲ್ಲ. ಕಳೆದ ವಾರ ಬಂದ ಚೀಟಿಯಲ್ಲಿ ವಾರ್ಫರಿನ್ ಇತ್ತು, ರಕ್ತ ಹೆಪ್ಪುಗಟ್ಟದಿರಲು ಕೊಡುವ ಮಾತ್ರೆ. ಇದರ ಜೊತೆ ರೀಶಿ ಸೇರಿದರೆ ರಕ್ತಸ್ರಾವದ ಅಪಾಯ ಹೆಚ್ಚಬಹುದು ಎಂದು ಓದಿದ್ದೆ. ರಾತ್ರಿ ಹತ್ತಕ್ಕೆ ಫೋನ್ ಮಾಡಿ, ಕೊಡಲೇಬೇಡ, ಕೊಟ್ಟಿದ್ದರೆ ವಾಪಸ್ ತಗೋ ಅಂದೆ. ಕೊಟ್ಟಾಗಿತ್ತು. ಬೆಳಗ್ಗೆ ಸ್ಕೂಟಿಯಲ್ಲಿ ಹೋಗಿ ಎರಡು ಡಬ್ಬಿ ವಾಪಸ್ ತಂದಳು. ಆ ತಿಂಗಳ ಪಾಯಿಂಟ್ ತುಂಬಲಿಲ್ಲವಂತೆ.